ಕೆಮ್ಮಿದ ಕೀಲಿ

ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಮನೆಯ ಅನ್ನಮ್ಮ ಬಂದು ಮುಬಾಶಿರಾಳ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿದಳು. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಮುಬಾಶಿರಾ ಮತ್ತು ಅವಳ ಅತ್ತೆ ಜೋಹರಾಬಿ ಉಳಿದರು. ಕೊಪ್ಪಳದ ಪಕ್ಕದ ಭಾಗ್ಯನಗರದ ಆ ಓಣಿಯಲ್ಲಿ ಸಾಲದ ಕಂತು ಕಟ್ಟಲಾಗದವರು ಹೀಗೆಯೇ ಬದುಕುತ್ತಿದ್ದರು. ಕೀಲಿ ಕಂಡರೆ ವಸೂಲಿಯವರು ತಿರುಗಿ ಹೋಗುತ್ತಾರೆಂಬ ನಂಬಿಕೆ.

ಇಬ್ಬರೂ ಗೋಡೆಗೆ ಒರಗಿ ಕೂದಲು ಬಿಡಿಸತೊಡಗಿದರು. ವಿಗ್ಗಿಗೆ ಕೂದಲು ಕಳಿಸುವ ವ್ಯಾಪಾರಿ ಕೊಟ್ಟ ಚೀಲದ ತುಂಬ ಊರೂರಿನ ಹೆಂಗಸರ ಉದುರುಗೂದಲು. ಗಂಟು ಬಿಡಿಸಿ, ಉದ್ದ ನೋಡಿ ಎಳೆ ಜೋಡಿಸಬೇಕು. ಫ್ಯಾನು ಹಾಕಿದರೆ ಕೂದಲು ಹಾರುತ್ತದೆ. ಈಗ ಕಿಟಕಿಯನ್ನೂ ತೆರೆಯುವಂತಿರಲಿಲ್ಲ. ಕೂದಲಿನ ಧೂಳು ಜೋಹರಾಬಿಯ ಎದೆಯಲ್ಲಿ ಕೂತಿತ್ತು. ಕೆಮ್ಮು ಬಂದಾಗಲೆಲ್ಲ ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಗಂಡ ಮಂಜೂರನ ಕಾಲಿನ ಆಪರೇಷನ್ನಿಗೆ ಮುಬಾಶಿರಾ ಮಹಿಳೆಯರ ಗುಂಪಿನಲ್ಲಿ ಸಾಲ ಎತ್ತಿದ್ದಳು. ಕೆಲಸ ಹುಡುಕಿ ಅವನು ಹೊಸಪೇಟೆಗೆ ಹೋಗಿದ್ದ. ಕಂತು ನಿಂತಿತ್ತು.

ಬೈಕಿನ ಸದ್ದು ಕೇಳಿತು. ಮುಬಾಶಿರಾಳ ಬೆರಳುಗಳು ನಿಂತವು.

"ಗುಂಪಿನವ್ರೆಲ್ಲಾ ಬರ್ರಿ ಇಲ್ಲಿ." ಸಾಲದ ಕಂಪನಿಯಿಂದ ವಸೂಲಿಗೆ ಬರುವ ವೆಂಕೋಬನ ದನಿ. "ನಿಮ್ಮ ಗೆಳತಿ ಓಡಿ ಹೋಗ್ಯಾಳ. ಆಕಿ ಕಂತು ನೀವ ಕಟ್ರಿ. ಅಲ್ಲೀಮಟಾ ಯಾರೂ ಒಲಿ ಹಚ್ಚಾಂಗಿಲ್ಲ. ಇಲ್ಲೇ ಕುಂದರ್ರಿ."

"ಸರ, ಕೂಸು ಅಳಾಕತ್ತೇತ್ರಿ," ಎಂದಳು ಎದುರು ಮನೆಯ ಶಾಯಿಸ್ತಾ.

"ಅಳ್ಲಿ ಬಿಡು. ರೊಕ್ಕಾ ತಗೊಳ್ಳುವಾಗ ನಗಾಕತ್ತಿದ್ರಲ್ಲಾ."

ಶಾಯಿಸ್ತಾ ಸಿಟ್ಟಿನಿಂದ ಅನ್ನಮ್ಮನ ಕಡೆ ತಿರುಗಿದಳು. "ಆಕಿ ಎಲ್ಲಿ ಅದಾಳಂತ ಈ ಅಕ್ಕಗ ಗೊತ್ತೈತಿ. ಇವ್ರನ್ನ ಕೇಳ್ರಿ."

"ನಂಗೇನ ಗೊತ್ತವಾ? ನನ್ನ ಹೊಟ್ಯಾಗ ಇಟ್ಕೊಂಡೀನೇನು ಆಕಿನ್ನ?" ಅನ್ನಮ್ಮನ ಕೈ ಸೊಂಟದ ಮೇಲೆ ಹೋಯಿತು.

ಆಗ ಜೋಹರಾಬಿ ಕೆಮ್ಮಿದಳು. ಸೆರಗು ತಡೆಯಲಿಲ್ಲ.

ಹೊರಗೆ ಎಲ್ಲರ ಕಣ್ಣೂ ಬಾಗಿಲಿನತ್ತ ಹೊರಳಿತು. ವೆಂಕೋಬ ನಕ್ಕ. "ಭಾಳ ದಿನಾ ಆತು ನೋಡ್ರಿ ನಾ ಈ ಕೆಲಸಕ್ಕ ಬಂದು. ಕೀಲಿ ಕೆಮ್ಮೂದು ಇವತ್ತ ಕೇಳಿದೆ." ಬಾಗಿಲಿಗೆ ಒದ್ದ. "ತೆಗಿ. ಇಲ್ಲಂದ್ರ ಮುರದು ಒಳಗ ಬಂದು ಕೂದ್ಲಾ ಚೀಲಾ ಹೊತ್ಕೊಂಡು ಹೋಗ್ತೀನಿ."

ಚೀಲ ವ್ಯಾಪಾರಿಯದು. ಅದು ಹೋದರೆ ಕೆಲಸವೂ ಹೋಗುತ್ತದೆ, ಕಳ್ಳಿ ಎಂಬ ಹೆಸರೂ ಬರುತ್ತದೆ. ಮುಬಾಶಿರಾ ಚೀಲವನ್ನು ತಬ್ಬಿಕೊಂಡಳು. ಹಿಂದೊಮ್ಮೆ ಅನ್ನಮ್ಮ ಅವಳನ್ನು ಕೊಪ್ಪಳದ ಕೋರ್ಟಿನ ಉಚಿತ ಕಾನೂನು ಕೇಂದ್ರಕ್ಕೆ ಕರೆದೊಯ್ದಿದ್ದಳು. ಅಲ್ಲಿ ವಕೀಲೆ ಹೇಳಿದ್ದನ್ನೆಲ್ಲ ಮುಬಾಶಿರಾ ದಿನವೂ ಪಾಠದಂತೆ ಒಪ್ಪಿಸಿಕೊಳ್ಳುತ್ತಿದ್ದಳು. ಈಗ ಒಂದೂ ನೆನಪಾಗಲಿಲ್ಲ.

"ಬೋಲ್, ಬೇಟಿ," ಎಂದಳು ಜೋಹರಾಬಿ.

"ಸರ... ಇನ್ನಾ ಒಂಬತ್ತಾಗಿಲ್ಲರಿ."

"ಏನಂದಿ?"

"ಒಂಬತ್ತಕ್ಕಿಂತ ಮೊದ್ಲ ಬರಬಾರ್ದಂತರಿ. ಸಂಜಿ ಆರರ ಮ್ಯಾಲೂ ಬರಬಾರ್ದಂತ. ಸಾಲ ಕಟ್ಟಂಗಿಲ್ಲ ಅಂದಿಲ್ಲ ನಾ. ನಿಮ್ಮ ಕಾರ್ಡು, ಕಂಪನಿ ಪತ್ರ ತೋರಿಸ್ರಿ. ಚೀಲಾ ಮುಟ್ಟಿದ್ರ ಪೊಲೀಸರಿಗೆ ಫೋನ್ ಹಚ್ತೀನ್ರಿ."

"ಕೀಲಿ ಹಿಂದ ಅಡಗಿ ಕುಂತು ನಂಗ ಕಾನೂನು ಹೇಳ್ತಿಯೇನು?"

ಅನ್ನಮ್ಮ ಎದ್ದಳು. ಸೊಂಟದಿಂದ ಕೀಲಿಕೈ ತೆಗೆದು ಬಾಗಿಲು ತೆರೆದಳು. "ಹೊರಗ ಬಂದು ಹೇಳು, ತಂಗಿ."

ಮುಬಾಶಿರಾ ಹೊಸ್ತಿಲಲ್ಲಿ ನಿಂತಳು. ಹೇಳಿದ್ದನ್ನೇ ಮತ್ತೆ ಹೇಳಿದಳು. ಈ ಸಲ ಇನ್ನೂ ಮೆಲ್ಲಗೆ.

ಶಾಯಿಸ್ತಾ ಕೂಸನ್ನೆತ್ತಿಕೊಂಡು ಎದ್ದಳು. "ನಮ್ಗೂ ತೋರಿಸ್ರಿ ಆ ಪತ್ರ. ನಮ್ಮನ್ನ ಇಲ್ಲಿ ಕುಂದ್ರಸಂತ ಅದರಾಗ ಬರದೈತೇನು?"

ವೆಂಕೋಬ ಬೈಕು ಹತ್ತಿದ. "ನಾಳಿ ಸಾಹೇಬ್ರನ್ನ ಕರ್ಕೊಂಡ ಬರ್ತೀನಿ. ಆವಾಗ ಮಾತಾಡ್ರಿ."

ಮರುದಿನ ನಸುಕಿಗೆ ಅನ್ನಮ್ಮ ಕೀಲಿ ಹಿಡಿದು ಬಂದಳು. "ಹಾಕ್ಲೇನು?"

ಮುಬಾಶಿರಾಳಿಗೆ ಇಡೀ ರಾತ್ರಿ ನಿದ್ದೆ ಬಂದಿರಲಿಲ್ಲ. ಹಾಕು ಎನ್ನಲು ಬಾಯಿ ತೆರೆದಳು. ಆಮೇಲೆ ಬೇಡವೆಂದು ತಲೆಯಲ್ಲಾಡಿಸಿ ಚೀಲವನ್ನು ಮನೆಯ ಮುಂದಿನ ಕಟ್ಟೆಗೆ ಎಳೆದು ತಂದಳು. ಜೋಹರಾಬಿ ಗಾಳಿಗೆ ಬಂದು ಕೂತಳು. ಶಾಯಿಸ್ತಾ ತನ್ನ ಚೀಲ ತಂದಳು. ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಟ್ಟೆ ತುಂಬಿದರು.

ಓಣಿಯ ತುದಿಯಲ್ಲಿ ಬೈಕಿನ ಸದ್ದಾಯಿತು. ಒಂದಲ್ಲ, ಎರಡು. ಮುಬಾಶಿರಾಳ ಕೈಯಲ್ಲಿ ಎಳೆ ತುಂಡಾಯಿತು. ಯಾರೂ ಏಳಲಿಲ್ಲ.

ಜೋಹರಾಬಿಗೆ ಕೆಮ್ಮು ಬಂತು. ಮುದುಕಿ ಸೆರಗು ಹುಡುಕಲಿಲ್ಲ. ಬಾಯಿ ತೆರೆದು, ಓಣಿಗೆಲ್ಲ ಕೇಳುವಂತೆ ಕೆಮ್ಮಿದಳು.