ಇಳಿದ ಬಿಪಿ

‘ಉಸಿರು ಬಿಟ್ಟು ಆರಾಮಾಗಿ ನಿಂತ್ಕೊಳ್ಳಿ,’ ಅಂದ ಡಾಕ್ಟರ್. ಯಾರೂ ಉಸಿರು ಬಿಡಲಿಲ್ಲ. ಜೈಲಿನ ಗೇಟು ತೆರೆಯುವ ತನಕ ಆ ಸಾಲಿನಲ್ಲಿ ಅಂಥ ರೂಢಿಯಿರಲಿಲ್ಲ.

ಸಾಲಿನಲ್ಲಿದ್ದ ಈ ಒಂದು ಬೀದಿಯವರು ಉಳಿದವರಿಗಿಂತ ಬೇಗ ಯಾಕೆ ಸಾಯುತ್ತಾರೆ ಎಂದು ಮೇಲಧಿಕಾರಿಗಳು ಕೇಳಿದ್ದರು. ಉಪ್ಪು ಜಾಸ್ತಿ ತಿನ್ನುತ್ತಾರೆ ಎಂದು ಡಾಕ್ಟರ್ ಬರೆದಿದ್ದ. ಮನೆಗೊಬ್ಬ ಗಂಡಸು ಒಳಗಿದ್ದಾನೆಂದು ಗೊತ್ತಿತ್ತು. ಆದರೆ ಜೈಲಿಗೆ ಮಾತ್ರೆ ಎಲ್ಲಿದೆ? ಭೇಟಿಯ ದಿನ ಕ್ಲಿನಿಕ್ಕಿಗೆ ನೊಣವೂ ಬರದಿದ್ದುದರಿಂದ ಬಿಪಿ ಯಂತ್ರ ಹೊತ್ತು ತಾನೇ ಇಲ್ಲಿಗೆ ಬಂದಿದ್ದ. ಯಾರ ತೋಳಿಗೆ ಸುತ್ತಿದರೂ ಬಿಪಿ ಆಕಾಶದಲ್ಲಿತ್ತು.

‘ಯಾರನ್ನ ನೋಡ್ಬೇಕು?’ ಪೇದೆ ಡಾಕ್ಟರಿಗೆ ಗದರಿದ. ‘ಒಳಗೆ ನಿಮ್ಮೋರಿಲ್ದೆ ಇಲ್ಲಿ ನಿಲ್ಲಂಗಿಲ್ಲ.’

ತನ್ನವರು ಒಳಗೂ ಇಲ್ಲ, ಹೊರಗೂ ಇಲ್ಲ ಎಂಬುದು ಡಾಕ್ಟರಿಗೆ ಆಗಲೇ ಹೊಳೆಯಬೇಕೆ? ಪಾಪ, ನಾಚಿಕೆಯಾಯಿತು.

‘ಇಸ್ತ್ರಿ ಅಜ್ಜಿಯ ದೊಡ್ಡ ಮಗ,’ ಎಂದಳು ಹಿಂದೆ ನಿಂತಿದ್ದ ಟೈಲರಮ್ಮ, ಥಟ್ಟನೆ. ‘ತಮ್ಮನನ್ನ ನೋಡೋಕೆ ಬಂದಿದಾನೆ.’

ಇಸ್ತ್ರಿ ಅಜ್ಜಿ ಹೋದ ತಿಂಗಳು ಇದೇ ಸಾಲಿನಲ್ಲಿ ಕುಸಿದು ಸತ್ತಿದ್ದಳು. ಮರಣಪತ್ರಕ್ಕೆ ಸಹಿ ಹಾಕಿದವನು ಇವನೇ.

‘ಒಳಗಿರೋ ಮಗನಿಗೆ ಇನ್ನೂ ಗೊತ್ತಿಲ್ಲ ಡಾಕ್ಟ್ರೇ,’ ಟೈಲರಮ್ಮ ಪಿಸುಗುಟ್ಟಿದಳು. ‘ನಮಗ್ಯಾರಿಗೂ ಬಾಯೇ ಬರ್ಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತಿದ್ವಿ, ನೀವು ಬಂದ್ರಿ. ಓದಿದೋರು, ಹೇಳಿಬಿಡಿ.’

‘ನಾನಾ? ನಾನು ಬರೀ...’

‘ಹೋಗಪ್ಪಾ, ತಮ್ಮ ಕಾಯ್ತಿದಾನೆ!’ ಇಡೀ ಸಾಲು ಅವನನ್ನು ಒಳಕ್ಕೆ ದಬ್ಬಿತು.

ಜಾಲರಿಯ ಆಚೆ ಅಜ್ಜಿಯ ಮಗ ಬಂದು ಕೂತ. ‘ಬಾ ಅಣ್ಣಾ!’ ಎಂದು ಪೇದೆಗೆ ಕೇಳುವಂತೆ ಕೂಗಿದ. ಆಮೇಲೆ ಮೆಲ್ಲಗೆ, ‘ಯಾರು ಸ್ವಾಮಿ ನೀವು?’

‘ಡಾಕ್ಟರು.’

‘ಓ, ತೋಳಿಗೆ ಗಾಳಿ ಹೊಡೆಯೋರು! ಎಷ್ಟು ಹೊಡೆದ್ರೂ ಮನುಷ್ಯ ಉಬ್ಬಲ್ಲ ಅಂತ ಅಮ್ಮ ನಗ್ತಿದ್ಲು. ಯಾಕೆ ಬರ್ತಿಲ್ಲ ಅವಳು? ಬಿಪಿ ಹೇಗಿದೆ?’

ಡಾಕ್ಟರ್ ಗಂಟಲು ಸರಿಮಾಡಿಕೊಂಡ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

‘ಈಗ... ಇಳಿದಿದೆ.’

‘ಅಬ್ಬ, ಸದ್ಯ! ಲೋ, ನಮ್ಮಮ್ಮನ ಬಿಪಿ ಇಳಿದಿದೆ ಕಣ್ರೋ!’

ಜಾಲರಿಯುದ್ದಕ್ಕೂ ತಲೆಗಳು ತಿರುಗಿದವು.

‘ಡಾಕ್ಟ್ರೇ, ನಮ್ಮಮ್ಮಂದೂ ಇಳಿಸಿ!’

‘ನನ್ನ ಹೆಂಡ್ತೀದು!’

‘ಅಕ್ಕಂದು ಸ್ವಾಮಿ, ಹಂಗೇ ಇಳಿಸಿ!’

‘ಆಗಲಿ, ಆಗಲಿ,’ ಎನ್ನುತ್ತಿದ್ದ ಡಾಕ್ಟರ್. ನಿಜ ಹೇಳಲು ಇನ್ನೂ ಹೊತ್ತಿತ್ತು. ಎದ್ದು ಓಡಲೂ ಹೊತ್ತಿತ್ತು.

‘ನಂದೂ ನೋಡಿ ಅಣ್ಣಾ,’ ಎಂದ ಅಜ್ಜಿಯ ಮಗ. ‘ಚೆನ್ನಾಗಿದೆ ಅಂತ ಅಮ್ಮಂಗೆ ಹೇಳಿ.’

ಜಾಲರಿಯ ಕಿಂಡಿಯಲ್ಲಿ ತೋಳು ಹಿಡಿಸಲಿಲ್ಲ. ಅವನು ಒಂದು ಬೆರಳು ತೂರಿಸಿದ. ಡಾಕ್ಟರ್ ಬಿಪಿ ಯಂತ್ರದ ತೋಳಿನ ಪಟ್ಟಿಯನ್ನು ತೆಗೆದು ಆ ಬೆರಳಿಗೆ ಸುತ್ತಿದ, ಸುತ್ತಿದ, ಸುತ್ತುತ್ತಲೇ ಇದ್ದ.