ಆಗಸ್ಟ್ ತಿಂಗಳ ಸುಳ್ಳು

ಹತ್ತು ಆಟ ಮುಗಿದಿದ್ದವು. ಎರಡು ಗೆಲುವು, ಎಂಟು ಸೋಲು. ಉಳಿದದ್ದು ಶನಿವಾರದ ಒಂದೇ ಆಟ. ಓಡೆಲ್ ಕ್ರೂಮ್‌ನಿಗೆ ಆ ಒಂದೂ ಬೇಡವಾಗಿತ್ತು.

ಅವನು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಸೆಂಟರ್. ಮೊಟ್ಟೆಯಾಕಾರದ ಚೆಂಡನ್ನು ಕಾಲುಗಳ ಸಂದಿಯಿಂದ ಹಿಂದಕ್ಕೆ ಕೊಟ್ಟು, ಕೊಟ್ಟ ಕ್ಷಣವೇ ತಲೆ ತಗ್ಗಿಸಿ ಎದುರಿನವನಿಗೆ ಹಾಯುವುದು ಅವನ ಕೆಲಸ. ಆಟಕ್ಕೆ ಅರವತ್ತು ಸಲ, ನಾಲ್ಕು ವರ್ಷದಿಂದ. ಚೆಂಡು ಹಿಡಿದು ಓಡುವವನ ಹೆಸರು ಅಲಬಾಮದ ಆ ಪುಟ್ಟ ಊರಿನ ಮಕ್ಕಳಿಗೂ ಬಾಯಿಪಾಠ; ಸೆಂಟರ್ ಯಾರೆಂದರೆ ಕ್ಷೌರದಂಗಡಿಯಲ್ಲೂ ತಡವರಿಸುತ್ತಾರೆ. ಎರಡು ವಾರದ ಹಿಂದೆ ಬಿದ್ದ ಒಂದು ಹೊಡೆತದಿಂದೀಚೆಗೆ ಅವನು ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗುತ್ತಿದ್ದ. ಬೆಳಕು ಬಿದ್ದರೆ ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆದಂತೆ. ಮೊನ್ನೆ ಅವ್ವನಿಗೆ ಫೋನು ಮಾಡಿ, ಯಾಕೆ ಮಾಡಿದೆನೆಂದು ಮರೆತು, ಸುಮ್ಮನೆ ಉಸಿರಾಡುತ್ತ ನಿಂತಿದ್ದ.

ಬುಧವಾರ ಅವನು ಮಿಸ್ ವರ್ಲೀನ್ ಹತ್ತಿರ ಹೋದ. ಆಟಗಾರರ ಗಾಯಕ್ಕೆ ಪಟ್ಟಿ ಸುತ್ತಿ, ಯಾರು ಆಡಬಹುದು, ಯಾರು ಕೂಡದು ಎಂದು ಸಹಿ ಹಾಕುವಾಕೆ. ತಲೆಗೆ ಪೆಟ್ಟು ಬಿದ್ದವರಿಗೆ ಅಲ್ಲಿ ಒಂದು ಪರೀಕ್ಷೆ: ಕಂಪ್ಯೂಟರ್ ಹತ್ತು ಪದ ತೋರಿಸುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೆನಪಿದ್ದಷ್ಟನ್ನು ಹೇಳಬೇಕು. ಆಟ ಶುರುವಾಗುವ ಮುಂಚೆ ಆಗಸ್ಟ್‌ನಲ್ಲಿ ಎಷ್ಟು ಹೇಳಿದ್ದನೋ ಅದಕ್ಕಿಂತ ಇಳಿಯದಿದ್ದರೆ ತಲೆ ನೆಟ್ಟಗಿದೆ ಎಂದು ಲೆಕ್ಕ.

ಓಡೆಲ್ ಬೆವರಿದ. ಐದು ಹೇಳಿದ. ಆರನೆಯದಕ್ಕೆ ಎಷ್ಟು ತಡಕಾಡಿದರೂ ಒಳಗೆ ಬರೀ ಹೊಗೆ.

ಆಗಸ್ಟ್‌ನಲ್ಲೂ ಐದೇ ಇತ್ತು, ಆದ್ದರಿಂದ ಆಡಲು ಅಡ್ಡಿಯಿಲ್ಲ ಎಂದು ಹೇಳಿ ಆಕೆ ಪೆನ್ನು ತೆಗೆದುಕೊಂಡಳು.

ಪ್ರತಿ ಆಗಸ್ಟ್‌ನಲ್ಲಿ, ಪರೀಕ್ಷೆಯ ಹಿಂದಿನ ದಿನ, ಹಿರಿಯರು ಹೊಸಬರನ್ನು ಐಸ್ ಯಂತ್ರದ ಹಿಂದೆ ಸೇರಿಸಿಕೊಂಡು ಒಂದು ಪಾಠ ಹೇಳುತ್ತಾರೆ: ಹತ್ತೂ ನೆನಪಿದ್ದರೂ ಐದೇ ಹೇಳು, ನಾಳೆ ತಲೆಗೆ ಪೆಟ್ಟಾದಾಗ ನಿನ್ನನ್ನು ಹೊರಗೆ ಕೂರಿಸಲಾರರು. ಹೊರಗೆ ಕೂತವನ ಜಾಗ ಹೋಗುತ್ತದೆ, ಜಾಗದ ಹಿಂದೆ ಆಟಕ್ಕೆಂದು ಕೊಡುವ ವಿದ್ಯಾರ್ಥಿವೇತನವೂ ಓದೂ ಹೋಗುತ್ತವೆ. ಓಡೆಲ್ ಹಾಗೇ ಕಲಿತಿದ್ದ. ಈ ವರ್ಷ ಆರು ಜನರಿಗೆ ನಗುನಗುತ್ತಾ ಕಲಿಸಿಯೂ ಇದ್ದ.

"ಆಗಸ್ಟ್‌ನಲ್ಲಿ ನಂಗೆ ಹತ್ತೂ ನೆನಪಿತ್ತು, ಮಿಸ್ ವರ್ಲೀನ್. ಬೇಕಂತ್ಲೇ ಐದು ಅಂದೆ."

"ಇವತ್ತು?"

"ಇವತ್ತು ಹತ್ತೂ ಹೇಳೋಕೆ ನೋಡ್ದೆ."

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಟದ ತಂತ್ರಗಳ ನೂರು ಪುಟದ ಪುಸ್ತಕವನ್ನು ಬಾಯಿಪಾಠ ಮಾಡುವ ಹುಡುಗರು ಕುರ್ಚಿ, ಸೇಬು, ಸೇತುವೆ ಎಂಬ ಪದಗಳನ್ನು ಹೇಗೆ ಮರೆಯುತ್ತಾರೆಂದು ಹತ್ತೊಂಬತ್ತು ವರ್ಷದಲ್ಲಿ ಆಕೆಗೆ ಹೊಳೆಯದೇ ಇರಲಿಲ್ಲ. ಹೊಳೆದಿತ್ತು, ಸಹಿ ಹಾಕಿದ್ದಳು. ಆಕೆಯ ಕೆಲಸದ ಜುಟ್ಟೂ ಕೋಚ್ ಕೈಯಲ್ಲಿತ್ತು. ಆ ಸುಳ್ಳು ಎಲ್ಲರಿಗೂ ಒಗ್ಗಿತ್ತು: ಹುಡುಗನಿಗೆ ಜಾಗ, ಕೋಚ್‌ಗೆ ಒಂದು ಮೈ, ಕಾಲೇಜಿಗೆ ಕೈ ತೊಳೆದುಕೊಳ್ಳಲು ಒಂದು ಕಾಗದ. ತಲೆ ಮಾತ್ರ ಹುಡುಗನದು.

ಆಕೆ ಫೋನು ಮಾಡಿದ ಮೇಲೆ ಕೋಚ್ ಹಾಲ್‌ಬ್ರುಕ್ ಬಂದ. ಕೂಗಾಡಲಿಲ್ಲ. ತಂಡವನ್ನು ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಟೈಪು ಮಾಡಿದ ಹಾಳೆ ತಂದಿದ್ದ. ಸಹಿ ಹಾಕಿದರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಇಲ್ಲವಾದರೆ ಪರೀಕ್ಷೆಯಲ್ಲಿ ಮೋಸ ಎಂದು ಕಾಲೇಜಿನ ಶಿಸ್ತು ಸಮಿತಿಗೆ ಹೋಗುತ್ತದೆ ಎಂದ. ಓಡೆಲ್‌ಗೆ ಪದವಿಗೆ ಇನ್ನೆರಡು ವಿಷಯ ಬಾಕಿ ಇದ್ದುದು ಕೋಚ್‌ಗೆ ಗೊತ್ತಿತ್ತು.

ಅಕ್ಷರಗಳು ಈಜಾಡುತ್ತಿದ್ದವು. ಓಡೆಲ್ ಒಂದೇ ಸಾಲನ್ನು ಮೂರು ಸಲ ಓದಿದ.

"ನಾನು ಬಿಡ್ತಾ ಇಲ್ಲ, ಕೋಚ್. ನಂಗೆ ಪೆಟ್ಟಾಗಿದೆ. ಅದನ್ನ ಬರೀರಿ. ಆಮೇಲೆ ಎಲ್ರಿಗೂ ಇನ್ನೊಂದ್ಸಲ ಪರೀಕ್ಷೆ ಮಾಡ್ಸಿ."

"ಎಲ್ರು ಅಂದ್ರೆ ಯಾರಪ್ಪಾ? ಹೆಸರು ಹೇಳು."

ಹೇಳಿದರೆ ತಾನು ಕಲಿಸಿದ ಆರು ಜನರ ಕೈಗೂ ಅದೇ ಹಾಳೆ ಬರುತ್ತದೆ, ಅವರ ಓದೂ ಹೋಗುತ್ತದೆ. "ಒಂದು ಹೆಸರು ಹೇಳ್ತೀನಿ. ಅವರಿಗೆ ಕಲಿಸ್ದೋನು ನಾನು." ಹಾಳೆಯ ಹಿಂದೆ, ಕಾಗುಣಿತಕ್ಕೆ ತಡವರಿಸುತ್ತಾ, ಅವನು ಅಷ್ಟನ್ನೇ ಬರೆದ. ಮಿಸ್ ವರ್ಲೀನ್ ಅದರ ಕೆಳಗೆ, ಇವನು ಆಡಕೂಡದು ಎಂದು ಸೇರಿಸಿ ಸಹಿ ಹಾಕಿದಳು. ಕೋಚ್ ಅದನ್ನು ಮಡಿಸಿ ಜೇಬಿಗಿಟ್ಟು, ಯಾರಿಗೂ ಮರುಪರೀಕ್ಷೆ ಇಲ್ಲವೆಂದು ಹೇಳಿ ಹೊರಟ.

ಕೋಣೆಯಲ್ಲಿ ರೂಫಸ್ ಕಾಯುತ್ತಿದ್ದ. ಸಾಲಿನಲ್ಲಿ ಓಡೆಲ್‌ನ ಎಡಮಗ್ಗುಲಿಗೆ ನಿಲ್ಲುವವನು, ನಾಲ್ಕು ವರ್ಷದಿಂದ ಕೋಣೆಯ ಜೊತೆಗಾರ.

"ಬಂದ್ರಪ್ಪಾ ಸತ್ಯವಂತರು. ಶನಿವಾರ ನಿನ್ನ ಜಾಗಕ್ಕೆ ಯಾವನೋ ಎಳೆಯ ಬರ್ತಾನೆ. ಅವನ ಪಾಲಿನ ಹೊಡ್ತನೂ ನಾನೇ ತಿನ್ಬೇಕು."

ಓಡೆಲ್, ಅವನಿಗೆ ಬೆಳಕಾಗಲೆಂದು, ಕಿಟಕಿಯ ಕಂಬಳಿ ಬಿಚ್ಚಲು ಹೋದಾಗ ರೂಫಸ್, "ಇರ್ಲಿ ಬಿಡು," ಎಂದು ಗೋಡೆಯ ಕಡೆ ತಿರುಗಿದ. ಆ ಕತ್ತಲು ಇಬ್ಬರಿಗೂ ಬೇಕಾಗಿತ್ತೆಂದು ಓಡೆಲ್‌ಗೆ ಆಗಲೇ ತಿಳಿದದ್ದು.

"ಎಷ್ಟು ದಿನದಿಂದ ಕಣೋ?"

"ಅಮ್ಮ ಸೆಲ್ಮಾದಿಂದ ಬಸ್ಸಲ್ಲಿ ಆಟ ನೋಡೋಕೆ ಬರ್ತಿದ್ದಾಳೆ. ನಾಲ್ಕು ವರ್ಷದಲ್ಲಿ ಇದೇ ಮೊದಲು. ನನ್ನ ಹೆಸರು ಎಲ್ಲೂ ಎತ್ಬೇಡ."

ಎತ್ತುವುದಿಲ್ಲ ಎಂದು ಓಡೆಲ್ ಮಾತು ಕೊಟ್ಟ.

ಶನಿವಾರ ಅವನು ಕಪ್ಪು ಕನ್ನಡಕ ಹಾಕಿಕೊಂಡು ರೂಫಸ್‌ನ ತಾಯಿ ಅರ್ನೆಟಾಳ ಪಕ್ಕ ಕೂತ. ಆಕೆ ಬೇಯಿಸಿದ ಕಡಲೆಕಾಯಿ ತಂದಿದ್ದಳು, ಸುಲಿದು ಸುಲಿದು ಅವನ ಕೈಗಿಡುತ್ತಿದ್ದಳು. ಆಟ ಆಕೆಗೆ ತಿಳಿಯದು. ಮಗ ಬೀಳುತ್ತಾನೆ, ಏಳುತ್ತಾನೆ, ಎದ್ದಾಗಲೆಲ್ಲ ಚಪ್ಪಾಳೆ. ಅಂಕಪಟ್ಟಿಯಲ್ಲಿ ಕಾಲೇಜು ಇಪ್ಪತ್ತು ಅಂಕ ಹಿಂದಿತ್ತು. ಬ್ಯಾಂಡಿನವರೂ ದಣಿದಿದ್ದರು.

ಆಟದ ಮೂರನೇ ಕಾಲುಭಾಗದಲ್ಲಿ ರೂಫಸ್ ಬಿದ್ದವನು ತಡವಾಗಿ ಎದ್ದ. ಮೊದಲು ಒಂದು ಮೊಣಕಾಲು, ಆಮೇಲೆ ಕೈ, ಆಮೇಲೆ ಇನ್ನೊಂದು ಮೊಣಕಾಲು.

"ನೋಡು ಮಗಾ, ಎದ್ದೇಬಿಟ್ಟ. ಇವನಪ್ಪನೂ ಹೀಗೇ ಗಟ್ಟಿಗ," ಅಂದಳು ಅರ್ನೆಟಾ.

ಸಾಲು ಮತ್ತೆ ಕಟ್ಟಿತು. ರೂಫಸ್ ಹೋಗಿ ಸೆಂಟರ್‌ನ ಬಲಮಗ್ಗುಲಿಗೆ ನಿಂತ. ಪಕ್ಕದವನು ಅವನ ಅಂಗಿ ಹಿಡಿದು ಎಡಕ್ಕೆ ನೂಕಿದ. ಆರು ಸಾವಿರ ಜನರಲ್ಲಿ ಯಾರೂ ಗಮನಿಸಲಿಲ್ಲ. ಕೋಚ್ ಗಮನಿಸಿದ, ಗಮನಿಸಿ ಗಡಿಯಾರದ ಕಡೆ ನೋಡಿದ.

ಓಡೆಲ್ ಮಡಿಲಿನ ಸಿಪ್ಪೆ ಕೊಡವಿ ಎದ್ದ.

"ಕೆಳಗೆ ಹೋಗೋಣ ಬನ್ನಿ ಅಮ್ಮ."

"ಆಟ ಇನ್ನೂ ಇದೆಯಲ್ಲ?"

"ನಾನು ಕರೆದ್ರೆ ಅವನು ಬರಲ್ಲ. ನೀವು ಕರೀರಿ. ತಲೆಗೆ ಪೆಟ್ಟಾಗಿದೆ ಅವನಿಗೆ. ನಂಗೆ ಬುಧವಾರದಿಂದ ಗೊತ್ತು."

ಆಕೆ ಅವನ ಮುಖ ನೋಡಿದಳು. ಬಯ್ಯಲಿಲ್ಲ. ಕೈಚೀಲ ಎತ್ತಿಕೊಂಡು, ಅವನಿಗಿಂತ ಮುಂದಾಗಿ, ಜನರ ಮೊಣಕಾಲುಗಳನ್ನು ಸರಿಸುತ್ತಾ ಮೆಟ್ಟಿಲಿಳಿಯತೊಡಗಿದಳು.