ಹೊರಗಿನಿಂದ ಪ್ರವೇಶ: ಅನುಮತಿ ಇದೆ

1

ಎಲ್ಲಿಂದ ಶುರು ಮಾಡಲಿ? ರೂಟರಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಭಯದಿಂದ ಶುರು ಮಾಡಿದರೆ ನಾನೇ ಪೆನ್ನು ಕೆಳಗಿಡುತ್ತೇನೆ. ಹಲ್ಲು ಕೀಳಿಸಿಕೊಳ್ಳಲು ಹೋಗುವಾಗಲೂ ಜೊತೆಗೆ ಯಾರಾದರೂ ಬೇಕು ಎನ್ನುವವರ ಪೈಕಿ ನಾನು. ಹಾಗಾಗಿ ಇದನ್ನೊಂದು ನಗೆಗತೆ ಮಾಡಿಬಿಡೋಣ ಎಂದು ಹೊರಟಿದ್ದೆ. ಸಾಮಗ್ರಿ ಎಲ್ಲ ಕೈಯಲ್ಲಿತ್ತು: ಟೆಲಿಫೋನ್ ಲೈನ್‌ಮನ್ ಆಗಿ ಮೂವತ್ತು ವರ್ಷ ಕಂಬ ಹತ್ತಿ ನಿವೃತ್ತರಾದ ಒಬ್ಬ ಸೋದರಮಾವ, ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡು ಕಟ್ಟಡಗಳ ನಕ್ಷೆ ಬರೆದುಕೊಡುವ ಅವರ ಅಕ್ಕನ ಮಗಳು, ದಿನಕ್ಕೆ ನಾಲ್ಕು ಸಲ ಎರಡೆರಡು ನಿಮಿಷ ಸತ್ತು ಮತ್ತೆ ಬದುಕುವ ಇಂಟರ್ನೆಟ್ಟು.

ಮೊದಲ ಡ್ರಾಫ್ಟಿನ ಮೊದಲ ಸಾಲು: ‘ಮಾವ ರೂಟರನ್ನು ಕೈಗೆತ್ತಿಕೊಂಡು, ಕಲ್ಲಂಗಡಿ ಕೊಳ್ಳುವವರ ಹಾಗೆ ತಟ್ಟಿ ನೋಡಿದರು.’

ಪರವಾಗಿಲ್ಲ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಆಗ ನಕ್ಷೆಯವಳು ಕಂಪ್ಯೂಟರಿನಿಂದ ತಲೆ ಎತ್ತಿದಳು.

“ಇದು ತಮಾಷೆ ಕಥೆನಾ?”

“ಹೌದು. ಯಾಕೆ, ನಿನಗೆ ಹಿಡಿಸ್ಲಿಲ್ವಾ?”

“ನೀನು ಅನ್ಬೇಡಿ. ನಮಗೆ ಅಷ್ಟು ಪರಿಚಯ ಇಲ್ಲ.”

(ನಾನೇ ಹುಟ್ಟಿಸಿದವಳು. ಅವಳ ವಯಸ್ಸು ಮೂವತ್ತಾರು ಎಂದು ನಿಗದಿ ಮಾಡಿದ್ದು ನಾನು, ಒಂಬತ್ತು ವರ್ಷದ ಮಗಳನ್ನು ಕೊಟ್ಟಿದ್ದು ನಾನು. ಪರಿಚಯ ಇಲ್ಲವಂತೆ. ಇರಲಿ.)

“ಸರಿ. ಏನು ಬರೀಬೇಕು ಹೇಳಿ.”

“ಬೆರಳಿನ ವಿಷಯ ಬಿಟ್ಟಿದೀರಲ್ಲ. ಅದನ್ನ ಬರೀರಿ.”

2

ಬಿಟ್ಟಿದ್ದು ನಿಜ. ನಗೆಗತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅವಳ ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಹದಿಮೂರು ತಿಂಗಳ ಹಿಂದೆ ಗಂಡ ಆ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ. ಕೂಗಾಡಲಿಲ್ಲ, ಬೈಯಲಿಲ್ಲ. ಪೂರ್ತಿ ಮುಚ್ಚಿತೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿ ನೋಡಿದ. ಈಗ ಅವನು ಆ ಮನೆಯ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವಿದೆ. ಅವನು ಸುಳಿಯುವುದೂ ಇಲ್ಲ. ಆದರೂ ಅವನಿಗೆ ಎಲ್ಲ ಗೊತ್ತಿರುತ್ತದೆ.

ಕಳೆದ ವಾರ ಶಾಲೆಯ ಗೇಟಿನ ಬಳಿ ಮಗಳನ್ನು ನಿಲ್ಲಿಸಿ, “ಆ ನೀಲಿ ಕುದುರೆ ತುಂಬಾ ಚೆನ್ನಾಗಿ ಬಂದಿದೆ ಪುಟ್ಟಾ” ಅಂದನಂತೆ. ನೀಲಿ ಕುದುರೆಯನ್ನು ಮಗಳು ಟ್ಯಾಬ್ಲೆಟ್ಟಿನಲ್ಲಿ ಬಿಡಿಸಿದ್ದು ಹಿಂದಿನ ದಿನ ಸಂಜೆ. ಯಾರಿಗೂ ಕಳಿಸಿರಲಿಲ್ಲ. ಮನೆಗೆ ಬಂದು ಶೂ ಬಿಚ್ಚುತ್ತಾ, “ಅಪ್ಪಂಗೆ ಹೇಗೆ ಗೊತ್ತಾಯ್ತಮ್ಮಾ?” ಎಂದು ಕೇಳಿದಳು. ಅಮ್ಮ ಎದ್ದು ಹೋಗಿ ಕಿಟಕಿಯ ಪರದೆಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಬಿಗಿ ಮಾಡಿದಳು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಹಗಲಲ್ಲೂ ದೀಪ ಉರಿಯುತ್ತದೆ.

ಶನಿವಾರ ಮನೆ ಬದಲಿಸುವುದು ಎಂದು ತೀರ್ಮಾನವಾಗಿದೆ. ಹೊಸ ಮನೆ ಎಲ್ಲಿದೆ ಎಂಬುದು ಅವಳಿಗೆ ಮತ್ತು ಮಾವನಿಗೆ ಮಾತ್ರ ಗೊತ್ತು. (ನನಗೂ. ಬರೆಯುವವನಿಗೆ ಗೊತ್ತಿರಲೇಬೇಕಲ್ಲ.) ಆ ವಿಳಾಸ ಅವನಿಗೆ ಸಿಗಬಾರದು. ಈ ಕಥೆ ನಿಂತಿರುವುದು ಅಷ್ಟರ ಮೇಲೆ.

3

ಇವತ್ತು ಬುಧವಾರ, ಬೆಳಗ್ಗೆ ಹತ್ತು ಗಂಟೆ. ಮಾವ ಬಂದಿದ್ದಾರೆ. ಅವರಿಗೆ ಒಂದು ಪದ್ಧತಿಯಿದೆ. “ಕಂಬದಿಂದ ಮನೆ ಕಡೆ ಬರ್ಬೇಕು, ಮನೆಯಿಂದ ಕಂಬದ ಕಡೆ ಹೋಗಬಾರದು” ಎನ್ನುತ್ತಾರೆ. ಹಾಗೇ ಮಾಡಿದರು. ಹೊರಗೋಡೆಯ ಡಬ್ಬಿ ಬಿಚ್ಚಿ ನೋಡಿದರು, ಸರಿಯಿತ್ತು. ಕೇಬಲ್ಲನ್ನು ಬೆರಳಲ್ಲಿ ಸವರುತ್ತಾ ಒಳಗೆ ಬಂದರು, ಎಲ್ಲೂ ತುಂಡಾಗಿರಲಿಲ್ಲ. ಅಡಾಪ್ಟರ್ ಬದಲಿಸಿದರು. ಕಪಾಟಿನ ಮೇಲೆ ಕೂತ ರೂಟರಿನ ನಾಲ್ಕು ದೀಪಗಳೂ ಹಸಿರಾದವು. ಹತ್ತೂ ಮುಕ್ಕಾಲಿಗೆ ಅವರ ಕಣ್ಣೆದುರೇ ನಾಲ್ಕೂ ಆರಿ, ಒಂದೊಂದಾಗಿ ಮತ್ತೆ ಹತ್ತಿದವು.

“ಇದು ಕೆಟ್ಟಿರೋ ಲಕ್ಷಣ ಅಲ್ಲಮ್ಮಾ,” ಅಂದರು ಮಾವ. “ಯಾರೋ ರೀಸ್ಟಾರ್ಟ್ ಮಾಡಿದ ಹಾಗಿದೆ.”

ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದರು ಅಷ್ಟೇ. ನಕ್ಷೆಯವಳು ಎದ್ದು ಹೋಗಿ ಪರದೆಯ ಕ್ಲಿಪ್ಪುಗಳನ್ನು ಮುಟ್ಟಿ ನೋಡಿ ಬಂದಳು.

“ರೀಸೆಟ್ ಮಾಡಿಬಿಡೋಣ. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗಾಗುತ್ತೆ.”

ರೂಟರಿನ ಬೆನ್ನಲ್ಲಿ ಸಣ್ಣ ತೂತಿರುತ್ತದೆ. ಅದರೊಳಗೆ ಪಿನ್ನು ತೂರಿಸಿ ಹತ್ತು ಸೆಕೆಂಡು ಒತ್ತಿದರೆ ಅದು ಕಲಿತದ್ದನ್ನೆಲ್ಲ ಮರೆಯುತ್ತದೆ. ಆದರೆ ಮಾವ ಹಾಗೇ ಒತ್ತುವ ಆಸಾಮಿಯಲ್ಲ. ಯಾವ ತಂತಿ ಎಲ್ಲಿಂದ ಬಂದಿದೆ ಎಂದು ಬರೆದಿಟ್ಟುಕೊಳ್ಳದೆ ಮೂವತ್ತು ವರ್ಷದಲ್ಲಿ ಒಂದು ತಂತಿಯನ್ನೂ ಕತ್ತರಿಸಿದವರಲ್ಲ. ಮೊದಲು, ರೂಟರಿನ ತಳದಲ್ಲಿ ಗಂಡ ಬರೆದು ಅಂಟಿಸಿದ್ದ ಪಾಸ್‌ವರ್ಡ್ ಹೊಡೆದು ಒಳಹೊಕ್ಕು, ಹಳೆಯ ಸೆಟ್ಟಿಂಗುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡರು. ಆಮೇಲೆ ಪಿನ್ನು ಒತ್ತಿದರು.

ಅರ್ಧ ಗಂಟೆ ದೀಪ ಕದಲಲಿಲ್ಲ.

(ಕಥೆಯನ್ನು ಇಲ್ಲೇ ಮುಗಿಸಬಹುದಿತ್ತು. ನಿಮಗೆ ಸಪ್ಪೆ ಎನ್ನಿಸುತ್ತಿತ್ತು, ಅವಳು ನೆಮ್ಮದಿಯಾಗಿರುತ್ತಿದ್ದಳು.)

ಆದರೆ ಈಗ ಪ್ರಿಂಟರ್ ಸಿಗುತ್ತಿಲ್ಲ. ರೂಟರಿನ ಹಿಂದೆ ಸಿಕ್ಕಿಸಿರುವ ಡಿಸ್ಕೂ ಕಂಪ್ಯೂಟರಿಗೆ ಕಾಣಿಸುತ್ತಿಲ್ಲ. ಅವಳ ನಕ್ಷೆಗಳು, ಮಗಳ ಚಿತ್ರಗಳು ಎಲ್ಲ ಅದರಲ್ಲೇ ಇರುವುದು. ಮಧ್ಯಾಹ್ನದೊಳಗೆ ಒಬ್ಬ ಗುತ್ತಿಗೆದಾರನಿಗೆ ನಕ್ಷೆ ಕಳಿಸಬೇಕು. ಮಾವ ಪೆನ್‌ಡ್ರೈವ್ ಕೈಗೆತ್ತಿಕೊಂಡರು.

“ಮಾವ, ಹಳೇದು ಬೇಡ. ನಿಧಾನ ಆದ್ರೂ ಹೊಸದಾಗೇ ಮಾಡೋಣ.”

“ನೆಗಡಿ ಆಯ್ತು ಅಂತ ಮೂಗು ಕುಯ್ಕೊಳ್ತಾರೇನಮ್ಮಾ? ಆ ಮನುಷ್ಯ ಏನೇ ಆಗಿರ್ಲಿ, ಕೆಲಸ ಅಚ್ಚುಕಟ್ಟು. ಎಷ್ಟು ನೀಟಾಗಿ ಸೆಟ್ ಮಾಡಿದಾನೆ ನೋಡು. ಒಂದು ಕ್ಲಿಕ್ಕು, ಎಲ್ಲಾ ವಾಪಸ್ ಬರುತ್ತೆ.”

ಎಲ್ಲಾ ವಾಪಸ್ ಬಂತು.

3 (ಮತ್ತೆ)

ಆ ಕ್ಲಿಕ್ಕನ್ನು ತಪ್ಪಿಸಲು ನಾನು ಮೂರು ಡ್ರಾಫ್ಟ್ ಬರೆದೆ ಎಂದರೆ ನಂಬುತ್ತೀರಾ? ಒಂದರಲ್ಲಿ ಕರೆಂಟು ತೆಗೆದೆ. ಕರೆಂಟು ಬರುವವರೆಗೆ ಮಾವ ಕುರ್ಚಿಯಲ್ಲಿ ಕೂತು ಕಾದರು. ಇನ್ನೊಂದರಲ್ಲಿ ಪೆನ್‌ಡ್ರೈವನ್ನು ಸೋಫಾದ ಸಂದಿಗೆ ಬೀಳಿಸಿದೆ. ಹುಡುಕಿ ತೆಗೆದರು. ಮೂರನೆಯದರಲ್ಲಿ ಅವರಿಗೆ ಜ್ವರ ಬರಿಸಿ ಮನೆಯಲ್ಲೇ ಮಲಗಿಸಿದೆ. ಕಂಬಳಿ ಹೊದ್ದುಕೊಂಡೇ ಬಂದರು.

“ಅಕ್ಕನ ಮಗಳು ಕರೆದಿದಾಳೆ, ಹೋಗದೆ ಇರೋಕಾಗುತ್ತೇನ್ರೀ?” ಎಂದು ನನ್ನನ್ನೇ ಗದರಿದರು. “ಹಿಡಿದ ಕೆಲಸ ಅರ್ಧಕ್ಕೆ ಬಿಡೋನಲ್ಲ ನಾನು.”

ಕೆಟ್ಟವನಾಗಿದ್ದರೆ ತಡೆಯಬಹುದಿತ್ತು. ಪ್ರೀತಿಯಿಂದ ಬಂದವರನ್ನು ಯಾವ ನೆಪ ಹೇಳಿ ಬಾಗಿಲಲ್ಲಿ ನಿಲ್ಲಿಸುವುದು?

4

ಫೈರ್‌ವಾಲ್ ಎಂದರೆ ರೂಟರಿನೊಳಗಿನ ಕಾವಲುಗಾರ. ಹೊರಗಿನಿಂದ ಬಂದವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿ ಅವನ ಕೈಯಲ್ಲಿರುತ್ತದೆ. ಎಲ್ಲ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಾ ಮಾವ ಆ ಪಟ್ಟಿ ತೆರೆದರು. ಏಳು ನಿಯಮಗಳಿದ್ದವು. ಐದು ಮಾಮೂಲು. ಆರನೆಯದಕ್ಕೆ ‘ಮನೆ’ ಎಂದು ಹೆಸರಿಟ್ಟಿತ್ತು. ಪಕ್ಕದಲ್ಲಿ: ‘ಹೊರಗಿನಿಂದ ಪ್ರವೇಶ: ಅನುಮತಿ ಇದೆ.’ ಏಳನೆಯದು ಡಿಸ್ಕಿನದು. ಅಲ್ಲೂ ಅದೇ ಮಾತು.

ಅವನು ಹೋದ ಮೇಲೆ ಅವಳು ಬಾಗಿಲಿನ ಬೀಗ ಬದಲಿಸಿದ್ದಳು, ವೈ-ಫೈ ಪಾಸ್‌ವರ್ಡ್ ಬದಲಿಸಿದ್ದಳು. ರೂಟರಿನ ಒಳಹೊಕ್ಕು ಅದನ್ನು ಆಳಲು ಬೇರೆಯೇ ಒಂದು ಪಾಸ್‌ವರ್ಡ್ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. (ನಿಮಗೆ ಗೊತ್ತೇ? ನಿಮ್ಮ ಮನೆಯದನ್ನು ಇಟ್ಟವರು ಯಾರು? ಈ ಸಾಲು ಬರೆದು ನಾನು ಎದ್ದು ಹೋಗಿ ನನ್ನ ರೂಟರ್ ನೋಡಿ ಬಂದೆ. ನೋಡಿದರೆ ಏನೂ ತಿಳಿಯುವುದಿಲ್ಲ. ಹಸಿರು ದೀಪ ಉರಿಯುತ್ತಿತ್ತು.) ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಹದಿಮೂರು ತಿಂಗಳಿಂದ.

ಮಾವ ಲಾಗ್ ತೆರೆದರು. ಯಾರು ಎಷ್ಟು ಹೊತ್ತಿಗೆ ಬಂದರು ಎಂದು ರೂಟರ್ ಬರೆದಿಡುವ ಪುಟ ಅದು. ಹಳೆಯ ಸೆಟ್ಟಿಂಗು ಮರಳಿದ್ದು ಹನ್ನೊಂದು ಮೂವತ್ತೊಂದಕ್ಕೆ. ಅದರ ಮುಂದಿನ ಸಾಲು: ಹನ್ನೊಂದು ನಲವತ್ತೆರಡು, ಹೊರಗಿನಿಂದ ಲಾಗಿನ್, ಯಶಸ್ವಿ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತೆಂಟು.

ಮಾವ ಕೇಬಲ್ಲನ್ನು ಗೋಡೆಯಿಂದಲೇ ಕಿತ್ತರು. ಸುಣ್ಣದ ಚೂರು ನೆಲದ ಮೇಲೆ ಉದುರಿತು. ಹನ್ನೊಂದೇ ನಿಮಿಷದಲ್ಲಿ ಅವನು ಮತ್ತೆ ಒಳಗಿದ್ದ. ಅಂದರೆ ಬಾಗಿಲು ಮುಚ್ಚಿದ್ದ ಅಷ್ಟು ಹೊತ್ತೂ ಅವನು ಹೊರಗೆ ನಿಂತು ತಳ್ಳಿ ತಳ್ಳಿ ನೋಡುತ್ತಲೇ ಇದ್ದ.

“ಡಿಸ್ಕಲ್ಲಿ ಏನೇನಿತ್ತು ಪುಟ್ಟಿ?” ಎಂದರು ಮಾವ.

“ನಕ್ಷೆಗಳು.”

“ಬರೀ ನಕ್ಷೆ ತಾನೇ?”

ಅವಳು ಹೋದ ಭಾನುವಾರ ಹೊಸ ಮನೆಯ ಅಳತೆ ತೆಗೆದುಕೊಂಡು ಬಂದು ಅದರ ನಕ್ಷೆ ಬರೆದಿದ್ದಳು. ಮಗಳ ಮಂಚ ಯಾವ ಗೋಡೆಗೆ, ಕಪಾಟು ಬಾಗಿಲಿಗೆ ಅಡ್ಡ ಬರುತ್ತದೆಯೋ ಏನೋ ನೋಡಲು. ಬರೆದು ಮುಗಿಸಿ, ಹದಿನೈದು ವರ್ಷದ ಅಭ್ಯಾಸದಂತೆ ಹಾಳೆಯ ಬಲಗಡೆ ಕೆಳಮೂಲೆಯ ಚೌಕ ತುಂಬಿದ್ದಳು. ಕೆಲಸದ ಹೆಸರು, ಅಳತೆಯ ಪ್ರಮಾಣ, ದಿನಾಂಕ, ನಿವೇಶನದ ವಿಳಾಸ. ಆ ಚೌಕ ಖಾಲಿ ಬಿಟ್ಟು ಫೈಲು ಉಳಿಸಲು ಅವಳಿಗೆ ಕೈ ಬರುವುದಿಲ್ಲ. ಮಹಡಿ ಎಷ್ಟನೆಯದು ಎಂದೂ ಬರೆದಿದ್ದಳು.

ಅವನು ಆರು ನಿಮಿಷ ಒಳಗಿದ್ದ ಎಂದು ಲಾಗ್ ಹೇಳುತ್ತದೆ. ಏನು ತೆರೆದು ನೋಡಿದ ಎಂದು ಹೇಳುವುದಿಲ್ಲ. ಭಾನುವಾರದಿಂದ ಇವತ್ತಿನವರೆಗೆ ಎಷ್ಟು ಸಲ ಬಂದುಹೋಗಿದ್ದ ಎಂದೂ ಹೇಳುವುದಿಲ್ಲ, ಆ ಪುಟಗಳನ್ನು ಪಿನ್ನು ಅಳಿಸಿಹಾಕಿತ್ತು.

“ತಪ್ಪಾಯ್ತು ಕಣಮ್ಮಾ,” ಅಂದರು ಮಾವ. ನೆಲದ ಮೇಲೆಯೇ ಕೂತುಬಿಟ್ಟರು. “ನಾನೇ ಕೈಯಾರೆ ಬಾಗಿಲು ತೆಗೆದುಕೊಟ್ಟೆ.”

ಅವಳಿಗೂ ಅಳು ಬಂತು. ಆದರೆ ಅದಕ್ಕಿಂತ ಹೆದರಿಕೆ ದೊಡ್ಡದಿತ್ತು.

5

ಈಗ ಮುಕ್ತಾಯಗಳು. ನಿಮಗಾಗಿ ಮೂರು ತಂದಿದ್ದೇನೆ.

ಅ) ಅವನು ಆ ಫೈಲು ನೋಡಲೇ ಇಲ್ಲ. ಆರು ನಿಮಿಷವೂ ಮಗಳ ಚಿತ್ರಗಳನ್ನೇ ನೋಡಿ ಕಣ್ಣು ಒರೆಸಿಕೊಂಡ. (“ಅವನಿಗೆ ಒಳ್ಳೆ ಬುದ್ಧಿ ಕೊಡೋಕೆ ನಿಮಗೇನ್ ಅಷ್ಟು ಅರ್ಜೆಂಟು?” ಎಂದಳು ನಕ್ಷೆಯವಳು.)

ಆ) ಪೊಲೀಸರಿಗೆ ಲಾಗ್ ತೋರಿಸಿದರು, ಪೊಲೀಸರು ತಕ್ಷಣ ಹೊರಟರು. (ಇದಕ್ಕೆ ಮಾವ ನಕ್ಕರು. ಇಡೀ ಕಥೆಯಲ್ಲಿ ಯಾರಾದರೂ ನಕ್ಕಿದ್ದು ಇಲ್ಲೊಮ್ಮೆಯೇ.)

ಇ) ಶನಿವಾರ, ಹೊಸ ಮನೆಯ ಮೆಟ್ಟಿಲು. ಮಗಳು ಮುಂದೆ ಓಡುತ್ತಾಳೆ. ಮೇಲಿನ ಮಹಡಿಯಲ್ಲಿ ಯಾರೋ ಅವಳ ಹೆಸರು ಹಿಡಿದು ಮೆಲ್ಲಗೆ…

“ಸಾಕು ನಿಲ್ಲಿಸಿ.”

ನಿಲ್ಲಿಸಿದೆ.

“ಹಾಗಾದ್ರೆ ಎಲ್ಲಿಗೆ ಹೋಗ್ತೀರಿ?” ಎಂದೆ. “ಬರೀಬೇಕಲ್ಲ, ಅದಕ್ಕೆ ಕೇಳಿದೆ.”

ಅವಳು ನನ್ನ ಕಡೆ ತಿರುಗಿದಳು. “ಪರದೆಗೆ ಕ್ಲಿಪ್ ಹಾಕಿರೋದು ನಿಮಗೆ ಹೇಗೆ ಗೊತ್ತು? ಹೊರಗಿಂದ ಅದು ಕಾಣಲ್ಲ. ನನ್ನ ಮಗಳು ಶೂ ಬಿಚ್ಚುವಾಗ ನನ್ನ ಹತ್ರ ಏನ್ ಕೇಳಿದ್ಲು ಅನ್ನೋದೂ ಗೊತ್ತು. ನಿಮ್ಮನ್ನ ಒಳಗೆ ಬಿಟ್ಟಿದ್ದು ಯಾರು?”

ಬರೆಯುವವನಿಗೆ ಅನುಮತಿ ಬೇಕಿಲ್ಲ ಎಂದು ವಾದಿಸಬಹುದಿತ್ತು. ಗೋಷ್ಠಿಗಳಲ್ಲಿ ವಾದಿಸಿದ್ದೇನೆ ಕೂಡ, ಚಪ್ಪಾಳೆಯೂ ಬಿದ್ದಿದೆ. ಇಲ್ಲಿ ನಾಚಿಕೆಯಾಯಿತು.

“ನೀವು ಕೆಟ್ಟೋರು ಅಂತಲ್ಲ,” ಅಂದಳು. “ಆದ್ರೆ ಹೊರಗೆ ಹೋಗಿ.”

6

ಹೋದೆ. ಆದ್ದರಿಂದ ಇನ್ನು ನನಗೆ ತಿಳಿದಿರುವುದು ಬೀದಿಯಲ್ಲಿ ನಿಂತ ಯಾರಿಗಾದರೂ ತಿಳಿಯುವಷ್ಟೇ. ಹನ್ನೆರಡೂವರೆಗೆ ಇಬ್ಬರೂ ಎರಡು ಚೀಲ ಹಿಡಿದು ಹೊರಬಂದರು. ಶನಿವಾರದವರೆಗೆ ಕಾಯಲಿಲ್ಲ. ಶಾಲೆ ಬಿಡುವ ಮೊದಲೇ ಹೋಗಿ ಹುಡುಗಿಯನ್ನು ಕರೆದುಕೊಂಡರು. ಹುಡುಗಿ ಏನೋ ಕೇಳಿದಳು, ಅಮ್ಮ ಬಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಅದು ನನಗೆ ಕೇಳಿಸಲಿಲ್ಲ. ನಕ್ಷೆಯಲ್ಲಿದ್ದ ಆ ವಿಳಾಸದ ಕಡೆಗೆ ಅವರು ತಿರುಗಲಿಲ್ಲ, ಅಷ್ಟು ಮಾತ್ರ ನೋಡಿದೆ. ಆಮೇಲೆ ಬಸ್ಸೊಂದು ಅಡ್ಡ ಬಂತು. ಬಸ್ಸಿನ ಆಚೆಗೆ ಇಣುಕುವುದು ನನಗೆ ಕಷ್ಟವಾಗಿರಲಿಲ್ಲ, ಒಂದು ವಾಕ್ಯ ಸಾಕಿತ್ತು. ಬರೆಯಲಿಲ್ಲ.

ಇಲ್ಲಿಯವರೆಗಿನದನ್ನು ಓದಿದ ಗೆಳೆಯರು ಕೇಳುತ್ತಿದ್ದಾರೆ: ಎಲ್ಲಿಗೆ ಹೋದಳು, ಕ್ಷೇಮವಾಗಿದ್ದಾಳೆಯೇ, ಮಗುವನ್ನು ಯಾವ ಶಾಲೆಗೆ ಸೇರಿಸಿದಳು. ಹೆಚ್ಚಿನವರು ಕಳಕಳಿಯಿಂದಲೇ ಕೇಳುತ್ತಾರೆ, ಅದು ನನಗೆ ಗೊತ್ತು. ನೀವೂ ಈಗ ಅದನ್ನೇ ಕೇಳಬೇಕೆಂದಿದ್ದೀರಿ. ಕೇಳಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಒಂದು ಮಾತು ಹೇಳಿ.

ನೀವು ಅವರಿಗೆ ಏನಾಗಬೇಕು?